ಲೋಟದ ತಳದ ನೀರು ಯಾಕೆ ತೆಳುವಾಯಿತು

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಅಕ್ಕನಿಗೆ, ಅವರ ಮಗಳಿಗೆ, ಅಳಿಯಂದಿರಿಗೆ, ಬಂಧುಬಳಗದವರಿಗೆ, ನಮ್ಮ ಪ್ರಯೋಗಾಲಯದ ಮುಖ್ಯಸ್ಥರಿಗೆ, ಕೈಯಲ್ಲಿದ್ದ ಕೆಲಸ ಅಲ್ಲಲ್ಲೇ ಬಿಟ್ಟು ಬಂದಿರುವ ನನ್ನ ಸಹೋದ್ಯೋಗಿಗಳಿಗೆ — ನಮಸ್ಕಾರ. ಹಿಂದೆ ನಿಂತಿರುವವರು ದಯವಿಟ್ಟು ಮುಂದೆ ಬನ್ನಿ. ಇಲ್ಲಿ ಕುರ್ಚಿಗಳು ಖಾಲಿ ಇವೆ. ಬನ್ನಿ, ಸಂಕೋಚ ಬೇಡ. ನಾನು ಎರಡು ಮಾತಲ್ಲಿ ಮುಗಿಸುವವಳಲ್ಲ, ಆಮೇಲೆ ಕಾಲು ನೋವು ಅಂತ ನನ್ನನ್ನು ಬೈಯಬಾರದು.

ನನ್ನ ಪರಿಚಯ ಇಲ್ಲದವರಿಗೆ ಹೇಳಿಬಿಡುತ್ತೇನೆ. ಎಣ್ಣೆ ಪರೀಕ್ಷೆ ಮಾಡುವ ನಮ್ಮ ಪ್ರಯೋಗಾಲಯದಲ್ಲಿ ಅಕ್ಕನ ಯಜಮಾನರ ಮೇಜಿನ ಪಕ್ಕದ ಮೇಜು ನನ್ನದು. ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಅವರು ಅಳೆಯುತ್ತಿದ್ದರು. ಎಷ್ಟು ಬಿಸಿಗೆ ಬೆಂಕಿ ಹಿಡಿಯುತ್ತದೆ ಎಂದು ನಾನು ನೋಡುತ್ತೇನೆ. ಅದಕ್ಕೇ ಅವರು ನನ್ನನ್ನು ಬೆಂಕಿಯಮ್ಮ ಎಂದು ಕರೆಯುತ್ತಿದ್ದರು. ಕೆಲಸಕ್ಕೂ ಸರಿ, ಬಾಯಿಗೂ ಸರಿ ಎಂದು ಅವರ ವಾದ. ನಾವೆಲ್ಲ ಅವರನ್ನು ಅರ್ಧಗಂಟೆ ಎಂದು ಕರೆಯುತ್ತಿದ್ದೆವು. ಬೆನ್ನ ಹಿಂದೆ ಅಲ್ಲ, ಎದುರಿಗೇ ಕರೆಯುತ್ತಿದ್ದೆವು. "ಅರ್ಧಗಂಟೆಯವರೇ, ಕಾಫಿಗೆ ಬರ್ತೀರಾ?" ಅಂದರೆ, "ಅರ್ಧ ಗಂಟೆ ಆಗ್ಲಿ" ಅನ್ನುತ್ತಿದ್ದರು. ತಮಾಷೆಗಲ್ಲ, ನಿಜವಾಗಿಯೂ.

ಯಾಕೆ ಅರ್ಧ ಗಂಟೆ — ಮನೆಯವರಿಗೆ ಇದು ಗೊತ್ತಿರಬೇಕು, ಉಳಿದವರಿಗಾಗಿ ಹೇಳುತ್ತೇನೆ. ಎಣ್ಣೆಯ ಈ ಗುಣಕ್ಕೆ ಸ್ನಿಗ್ಧತೆ ಎಂದು ಪುಸ್ತಕದ ಹೆಸರು. ನಮ್ಮ ಮಾತಿನಲ್ಲಿ ಮಂದ, ತೆಳು, ಅಷ್ಟೇ. ಒಂದು ಗಾಜಿನ ಕೊಳವೆ, ಹೀಗೆ ಬಾಗಿರುತ್ತದೆ, ಒಳಗೆ ಕೂದಲೆಳೆಯ ಹಾಗೆ ಸಣ್ಣ ದಾರಿ. ಅದಕ್ಕೆ ಎಣ್ಣೆ ತುಂಬಿ ಬಿಸಿನೀರಿನ ತೊಟ್ಟಿಯಲ್ಲಿ ಇಳಿಬಿಡಬೇಕು. ಕೊಳವೆಯ ಮೇಲೆ ಎರಡು ಗೆರೆ. ಎಣ್ಣೆ ಮೇಲಿನ ಗೆರೆ ದಾಟುವಾಗ ಗಡಿಯಾರದ ಗುಂಡಿ ಒತ್ತು, ಕೆಳಗಿನ ಗೆರೆ ದಾಟುವಾಗ ಮತ್ತೆ ಒತ್ತು. ನೋಡಲು ಮಕ್ಕಳಾಟ. ಆದರೆ ಎಣ್ಣೆಯ ಬಿಸಿ ತೊಟ್ಟಿಯ ಬಿಸಿಗೆ ಸರಿಸಮ ಆಗುವ ತನಕ ಕಾಯಬೇಕು. ಒಂದೇ ಒಂದು ಡಿಗ್ರಿ ಆಚೀಚೆ ಆದರೂ ಉತ್ತರ ತಪ್ಪು. ಆ ಕಾಯುವಿಕೆ ಅರ್ಧ ಗಂಟೆ. ಲಾರಿ ಮಾಲೀಕ ಬಂದು, "ಸಾರ್, ನೀವು ಕಣ್ಣಲ್ಲಿ ನೋಡಿದ್ರೇ ಗೊತ್ತಾಗುತ್ತಲ್ಲ, ಹೇಳ್ಬಿಡಿ" ಅಂತ ಕಾಲು ಕುಟ್ಟಿದರೂ ಸರಿ, "ಕಣ್ಣಲ್ಲಿ ನೋಡಿದ್ರೆ ಬಣ್ಣ ಗೊತ್ತಾಗುತ್ತೆ ಕಣಪ್ಪ. ಹರಿವು ಗೊತ್ತಾಗ್ಬೇಕಂದ್ರೆ ಕೂತ್ಕೋ" ಅನ್ನುತ್ತಿದ್ದರು. ಆ ಮನುಷ್ಯನೂ ಕೂರುತ್ತಿದ್ದ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅವನಿಗೂ ಕೊಳವೆಯ ಮೇಲೆ ಕುತೂಹಲ ಹುಟ್ಟಿ, ಗೆರೆ ದಾಟುವುದನ್ನು ಬಾಗಿ ನೋಡುತ್ತಿದ್ದ.

ಈ ಕುತೂಹಲ ಇದೆಯಲ್ಲ — ಅದು ಅಂಟುರೋಗ. ಅವರ ಜೊತೆ ಅಂಗಡಿಗೆ ಹೋಗುವುದೇ ಒಂದು ಕಷ್ಟ. ಎಣ್ಣೆ, ಶಾಂಪೂ, ಕೆಮ್ಮಿನ ಔಷಧಿ, ಯಾವ ಬಾಟಲಿ ಸಿಕ್ಕಿದರೂ ಹೀಗೆ ತಲೆಕೆಳಗು ಮಾಡಿ, ಒಳಗಿನ ಗುಳ್ಳೆ ಎಷ್ಟು ಹೊತ್ತಿಗೆ ಮೇಲೇರುತ್ತದೆ ಎಂದು ನೋಡುತ್ತ ನಿಂತುಬಿಡುವರು. ಅಂಗಡಿಯವನು, "ಸಾರ್, ಸೋರೋದಿಲ್ಲ, ಹೊಸ ಮಾಲು" ಅನ್ನುವನು. "ಸೋರೋದು ನೋಡ್ತಿಲ್ಲಪ್ಪ, ಏರೋದು ನೋಡ್ತಿದ್ದೀನಿ!" ಅವನ ಮುಖ ನೋಡಬೇಕಿತ್ತು ನೀವು.

ಒಂದು ಸಲ ನಾವು ಊಟಕ್ಕೆ ಹೊರಗೆ ಹೋಗಿದ್ದಾಗ ರಸ್ತೆ ಪಕ್ಕದ ಗೋಡೆಗೆ ಒಬ್ಬ ಬಣ್ಣ ಬಳಿಯುತ್ತಿದ್ದ. ಇವರು ನಿಂತರು. ನಾನು, "ಹೊಟ್ಟೆ ಚುರುಗುಟ್ತಿದೆ, ಬನ್ನಿ" ಅಂದೆ. "ಒಂದ್ ನಿಮಿಷ ಇರಿ ಬೆಂಕಿಯಮ್ಮ, ನೋಡಿ. ಕುಂಚ ಎಳೆಯೋವಾಗ ನೀರಿನ ಹಾಗೆ ಹೋಗ್ತಿದೆ. ಕುಂಚ ತೆಗೆದ ತಕ್ಷಣ ಗೋಡೆ ಮೇಲೆ ಹಾಗೇ ನಿಲ್ತಿದೆ, ಇಳೀತಿಲ್ಲ. ನಮ್ಮ ಎಣ್ಣೆ ಹೀಗೆ ಮಾಡಲ್ಲ. ಇದಕ್ಕೆ ಯಾರೋ ತಳ್ಳಿದ್ರೆ ಒಂದು ಗುಣ, ಬಿಟ್ರೆ ಇನ್ನೊಂದು ಗುಣ." ಆ ಬಣ್ಣದವನು ಏಣಿ ಇಳಿದು ಬಂದು, "ಏನ್ ಸಾರ್, ಸರಿಯಾಗಿ ಬಂದಿಲ್ವಾ?" ಅಂತ ಗಾಬರಿಯಿಂದ ಕೇಳಿದ. ಆಮೇಲೆ ಇಬ್ಬರೂ ಡಬ್ಬಿಯ ಮೇಲೆ ಬಗ್ಗಿ ಕಡ್ಡಿ ಆಡಿಸುತ್ತ ಮಾತಿಗೆ ಕೂತರು. ನಾನು ಒಬ್ಬಳೇ ಹೋಗಿ ಊಟ ಮಾಡಿ ಬಂದೆ.

ನಗಿ, ನಗಿ. ಅಕ್ಕ ಕೂಡ ನಗುತ್ತಿದ್ದಾರೆ. ಅವರು ಇದನ್ನೆಲ್ಲ ನನಗಿಂತ ಹೆಚ್ಚು ಅನುಭವಿಸಿದವರು.

ಈಗ ಅಕ್ಕನ ವಿಷಯಕ್ಕೇ ಬರುತ್ತೇನೆ. ಅವರ ಅನುಮತಿ ಕೇಳಿಯೇ ಹೇಳುತ್ತಿದ್ದೇನೆ. "ಹೇಳು, ಮುಚ್ಚಿಡೋದೇನಿದೆ" ಅಂದಿದ್ದಾರೆ. ಅಕ್ಕ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಅವರ ದನಿ ಬಸ್ಸಿನ ಹಿಂದಿನ ಸೀಟಿನವರೆಗೂ ಕೇಳುತ್ತಿತ್ತು. ಕಳೆದ ವರ್ಷ ಒಂದು ಬೆಳಿಗ್ಗೆ ಅವರಿಗೆ ಲಕ್ವ ಹೊಡೆಯಿತು. ಕೈಕಾಲು ಬೇಗ ಸುಧಾರಿಸಿತು. ಮಾತು ನಿಧಾನವಾಗಿ ಬಂತು. ಆದರೆ ಗಂಟಲು — ಗಂಟಲು ಸೋತಿತ್ತು. ನೀರು ಕುಡಿದರೆ ಅನ್ನನಾಳ ಬಿಟ್ಟು ಶ್ವಾಸನಾಳಕ್ಕೆ ಇಳಿಯುತ್ತಿತ್ತು. ನೀರು ಎಷ್ಟು ತೆಳು ನೋಡಿ, ಸೋತ ಗಂಟಲು ಬಾಗಿಲು ಮುಚ್ಚುವ ಮೊದಲೇ ಒಳಗೆ ನುಗ್ಗಿಬಿಡುತ್ತದೆ. ಅದು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ.

ಆಸ್ಪತ್ರೆಯಲ್ಲಿ ನುಂಗುವುದನ್ನು ಮತ್ತೆ ಕಲಿಸುವ ಒಬ್ಬ ಥೆರಪಿಸ್ಟ್ ಇದ್ದಾರೆ. ಚಿಕ್ಕ ವಯಸ್ಸಿನ ಹುಡುಗಿ, ಇವತ್ತು ಇಲ್ಲಿಗೂ ಬಂದಿದ್ದಾರೆ, ಅಗೋ, ಎರಡನೇ ಸಾಲಿನಲ್ಲಿ. ಅವರು ಹೇಳಿದರು, ನೀರಾಗಲಿ ಕಾಫಿಯಾಗಲಿ, ಏನೇ ಕೊಟ್ಟರೂ ಜೋಳದ ಪಿಷ್ಟದ ಪುಡಿ ಬೆರೆಸಿ ಮಂದ ಮಾಡಿ ಕೊಡಿ, ಜೇನಿನ ಹದಕ್ಕೆ.

ಜೇನಿನ ಹದ! ನಮ್ಮ ಅರ್ಧಗಂಟೆಯ ಮುಂದೆ ಆ ಮಾತು ಹೇಳಬಹುದೇ? "ಯಾವ ಜೇನು ಅಮ್ಮ? ಎಷ್ಟು ಡಿಗ್ರಿಯಲ್ಲಿ?" ಎಂದು ಕೇಳಿದರಂತೆ. ಆ ಹುಡುಗಿ ತಬ್ಬಿಬ್ಬು. ಕೊನೆಗೆ ಕಪಾಟಿನಿಂದ ಒಂದು ಬಾಟಲಿ ಪಾಕ ತೆಗೆದು, "ಮನೆಯವರಿಗೆ ತೋರ್ಸೋಕೆ ಅಂತ ಇಟ್ಟಿದ್ದೀವಿ ಸಾರ್, ಇದರ ಹಾಗಿದ್ರೆ ಸಾಕು" ಅಂದರಂತೆ. ಇವರು ಆ ಬಾಟಲಿಯನ್ನೇ ಬೇಡಿ ತಂದರು.

ಮನೆಯಲ್ಲಿ ಅಕ್ಕ ಆ ಮಂದದ ಕಾಫಿ ಮೊದಲ ಸಲ ಬಾಯಿಗಿಟ್ಟು, ಅಷ್ಟಷ್ಟೇ ಬರುವ ಮಾತಿನಲ್ಲಿ ಕೇಳಿದರು, "ಇದು ಕಾಫೀನಾ, ಗೋಡೆಗೆ ಪೋಸ್ಟರ್ ಅಂಟಿಸೋ ಗೋಂದಾ?" ನಾನು ಅಲ್ಲೇ ಇದ್ದೆ. ಆಮೇಲೆ ನಗು ನಿಲ್ಲಿಸಿ ಗಂಡನಿಗೆ ಅಂದರು, "ನೋಡ್ರೀ, ಮೂಗಿಗೆ ನಳಿಗೆ ಹಾಕಿಸ್ಕೊಂಡು ಅದ್ರಲ್ಲಿ ಗಂಜಿ ಸುರಿಸ್ಕೊಂಡು ನಾನು ಬದುಕಲ್ಲ. ನಂಗೆ ಒಂದ್ ಲೋಟ ಬರೀ ನೀರು ಕುಡೀಬೇಕು. ಅಷ್ಟು ಮಾಡಿ." ಡಾಕ್ಟರು ಆಗಲೇ ಎಚ್ಚರಿಕೆ ಕೊಟ್ಟಿದ್ದರು. ನೀರು ಶ್ವಾಸಕ್ಕೆ ಹೋಗಿ ಜ್ವರ ಮರುಕಳಿಸುತ್ತಿದ್ದರೆ ನಳಿಗೆಯೇ ಗತಿ. ತೆಳುವಾದರೆ ಶ್ವಾಸಕ್ಕೆ ಹೋಗುತ್ತದೆ. ತೀರಾ ಮಂದವಾದರೆ ಅಕ್ಕ ಕುಡಿಯುವುದೇ ಇಲ್ಲ, ಮೈ ಒಣಗುತ್ತದೆ. ಇವೆರಡರ ನಡುವೆ ಹದ ಹುಡುಕಬೇಕು. ಆ ಹೊತ್ತು ಅರ್ಧಗಂಟೆಯವರ ಮುಖದಲ್ಲಿದ್ದ ಭಯವನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಅವರು ಏನು ಮಾಡಿದರು? ತಮಗೆ ಗೊತ್ತಿದ್ದದ್ದನ್ನೇ ಮಾಡಿದರು. ಗ್ರೀಸಿನಂಥ ಗಟ್ಟಿ ಪದಾರ್ಥಕ್ಕೆ ನಮ್ಮಲ್ಲಿ ಇನ್ನೊಂದು ಯಂತ್ರವಿದೆ, ದಂಡ ತಿರುಗಿಸಿ, ಎಷ್ಟು ತಡೆ ಇದೆ ಎಂದು ಮುಳ್ಳಿನಲ್ಲಿ ತೋರಿಸುತ್ತದೆ. ಮುಖ್ಯಸ್ಥರನ್ನು ಕೇಳಿ, ಕೆಲಸ ಮುಗಿದ ಮೇಲೆ ಪಾಕವನ್ನು ಅಳೆದರು. ಪುಡಿ ಕಲಸಿದ ನೀರನ್ನು ಅಳೆದರು. ತೊಟ್ಟಿಯನ್ನು ತಮ್ಮ ಅಡುಗೆಮನೆಯ ಬಿಸಿಗೇ ಹೊಂದಿಸಿದ್ದರು, ಅಷ್ಟು ಎಚ್ಚರ. ಪುಡಿ ಇಷ್ಟು ಹಾಕಿದರೆ ಪಾಕಕ್ಕೆ ಸರಿಸಮ ಎಂದು ಕಂಡುಹಿಡಿದು, ಗೆದ್ದವರ ಹಾಗೆ ಮನೆಗೆ ಹೋದರು. ಅಷ್ಟೇ ಪುಡಿ ಹಾಕಿ, ಕಲಸಿ, ಅಕ್ಕನ ಕೈಗೆ ಲೋಟ ಕೊಟ್ಟರು.

ಅಕ್ಕ ಕೆಮ್ಮಿದರು. ಎಂಥ ಕೆಮ್ಮು ಅಂದರೆ — ಅಲ್ಲಿಂದ ನೇರ ಆಸ್ಪತ್ರೆ. ಜ್ವರ. ಒಂದು ವಾರ.

ಏನು ತಪ್ಪಾಯಿತು? ಲೆಕ್ಕ ಸರಿ, ತೂಕ ಸರಿ, ಬಿಸಿ ಸರಿ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವರು ಮತ್ತೆ ಮತ್ತೆ ಅದನ್ನೇ ಹೇಳುತ್ತಿದ್ದರು. ನಾನು, "ಮೊದ್ಲಿಂದ ಹೇಳಿ, ಏನೇನು ಮಾಡಿದ್ರಿ" ಅಂದೆ. ಹೇಳುತ್ತ ಹೋದರು. "ಪುಡಿ ಕಲಸ್ದೆ, ತೊಟ್ಟೀಲಿ ಇಟ್ಟೆ, ಅರ್ಧ ಗಂಟೆ ಬಿಟ್ಟು —" ಅಲ್ಲಿಗೆ ನಿಂತರು. ಬಾಯಿ ಹಾಗೇ ತೆರೆದಿತ್ತು. "ಅಯ್ಯೋ. ಮನೇಲಿ ನಾನು ಅರ್ಧ ಗಂಟೆ ಕಾಯ್ಲೇ ಇಲ್ಲ."

ಗೊತ್ತಾಯಿತೇ? ಎಣ್ಣೆ ಎಷ್ಟು ಹೊತ್ತು ಕೂತರೂ ಅದೇ ಎಣ್ಣೆ. ಪಿಷ್ಟ ಹಾಗಲ್ಲ, ನೀರು ಹೀರಿಕೊಂಡು ಕೂತಷ್ಟೂ ಮಂದವಾಗುತ್ತ ಹೋಗುತ್ತದೆ. ಇವರು ಅಳೆದದ್ದು ಅರ್ಧ ಗಂಟೆ ಕೂತ ನೀರು, ಅಕ್ಕ ಕುಡಿದದ್ದು ಆಗತಾನೇ ಕಲಸಿದ ನೀರು. ನಮ್ಮಂಥ ಅಳೆಯುವ ಕೆಲಸದವರನ್ನು ಬಿಟ್ಟರೆ ಬೇರೆ ಯಾರೂ ಈ ತಪ್ಪು ಮಾಡುತ್ತಿರಲಿಲ್ಲ. ಅಡುಗೆ ಮಾಡುವ ಯಾರಾದರೂ ಚಮಚ ಬಗ್ಗಿಸಿ ನೋಡಿಯೇ ಹೇಳುತ್ತಿದ್ದರು, ಇನ್ನೂ ಆಗಿಲ್ಲ ಅಂತ. ಇವರ ಮೈಗೆ ಅರ್ಧ ಗಂಟೆ ಎಷ್ಟು ಹತ್ತಿಬಿಟ್ಟಿತ್ತೆಂದರೆ, ಅದನ್ನು ಒಂದು ಕೆಲಸ ಅಂತಲೇ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವತ್ತು ಆ ಬೆಂಚಿನ ಮೇಲೆ ಅವರು ಅತ್ತರು.

ಆಗ ಬಂದವರು ಇದೇ ಥೆರಪಿಸ್ಟ್ ಹುಡುಗಿ. ಬೈಯಲಿಲ್ಲ. ಒಂದು ಖಾಲಿ ಸಿರಿಂಜ್ ತೆಗೆದುಕೊಂಡು, ಸೂಜಿ ಇಲ್ಲದ್ದು, ಅದಕ್ಕೆ ಮಂದದ ನೀರು ತುಂಬಿ, ಕೆಳಗಿನ ತೂತಿಗೆ ಬೆರಳಿಟ್ಟು — ಹೀಗೆ — ಬೆರಳು ತೆಗೆದರು. ಹತ್ತು ಎಣಿಸಿ ಮತ್ತೆ ಮುಚ್ಚಿದರು. "ಎಷ್ಟು ಉಳೀತು ನೋಡಿ ಸಾರ್. ಇಷ್ಟು ಉಳಿದ್ರೆ ಹದ ಸರಿ. ಪ್ರತಿ ಲೋಟಾನೂ ಕೊಡೋ ಮುಂಚೆ ಹೀಗೇ ನೋಡಿ. ಯಂತ್ರ ಬೇಡ." ಕಣ್ಣು ಒರೆಸಿಕೊಳ್ಳುತ್ತಿದ್ದ ಮನುಷ್ಯ ಎದ್ದು ನಿಂತರು. "ಅರೆ! ಇದು ನಮ್ಮ ಕೊಳವೆಯ ತಂಗಿ!" ಆ ಸಿರಿಂಜನ್ನು ಬೆಳಕಿಗೆ ಹಿಡಿದು ನೋಡಿದ್ದೇ ನೋಡಿದ್ದು. ಹೆಂಡತಿ ಒಳಗೆ ಜ್ವರದಲ್ಲಿ ಮಲಗಿದ್ದಾಗಲೂ ಕುತೂಹಲ ಹುಟ್ಟುತ್ತದಲ್ಲ ಈ ಮನುಷ್ಯನಿಗೆ ಎಂದು ನನಗೆ ಸಿಟ್ಟೇ ಬಂತು. ಆಮೇಲೆ ಅನ್ನಿಸಿತು, ಬೇರೆಯವರಿಗೆ ದೇವರ ಮೇಲೆ ಭರವಸೆ ಇರುವ ಹಾಗೆ ಇವರಿಗೆ ಇದರ ಮೇಲೆ ಭರವಸೆ.

ಅಲ್ಲಿಂದ ಎಲ್ಲ ಸರಿಹೋಯಿತು ಅಂದುಕೊಂಡಿರಾ? ಇಲ್ಲ. ಮನೆಗೆ ಬಂದರು, ಸಿರಿಂಜಿನಲ್ಲಿ ಪ್ರತಿ ಲೋಟ ನೋಡಿ ಕೊಟ್ಟರು. ಮೊದಲ ಗುಟುಕು ಸರಿ. ಅರ್ಧ ಲೋಟದವರೆಗೂ ಸರಿ. ತಳಕ್ಕೆ ಬಂದಾಗ — ಕೆಮ್ಮು. ಪ್ರತಿ ಸಲವೂ ತಳದಲ್ಲೇ ಕೆಮ್ಮು. ತಳದಲ್ಲಿ ಉಳಿದದ್ದನ್ನು ಸಿರಿಂಜಿಗೆ ಹಾಕಿ ನೋಡಿದರೆ ಸರ್ರನೆ ಇಳಿದುಹೋಗುತ್ತಿತ್ತು. ತೆಳುವಾಗಿತ್ತು!

ಇದು ಹೇಗೆ? ನೀವೇ ಯೋಚಿಸಿ. ಹೊತ್ತು ಕಳೆದಷ್ಟೂ ಮಂದವಾಗಬೇಕಾದ ನೀರು ತೆಳುವಾಗುತ್ತಿದೆ. ಪ್ರಯೋಗಾಲಯದಲ್ಲಿ ನಮಗೆಲ್ಲ ಅದೇ ಮಾತು. ಒಬ್ಬರು ಲೋಟದ ಲೋಹ ಕಾರಣ ಅಂದರು. ಗಾಜಿನ ಲೋಟ ತಂದರು, ಊಹೂಂ. ಅಕ್ಕ ಚಮಚದಿಂದ ಕಲಕುತ್ತ ಅದರಲ್ಲೇ ಕುಡಿಯುತ್ತಾರಲ್ಲ, ಬಣ್ಣದ ಹಾಗೆ ಕಲಕಿದರೆ ತೆಳುವಾಗುತ್ತಿರಬಹುದು ಅಂತ ನಾನಂದೆ. ಇವರು ಇನ್ನೊಂದು ಲೋಟ ಪಕ್ಕದಲ್ಲಿಟ್ಟುಕೊಂಡು ಅಕ್ಕ ಕುಡಿಯುವಷ್ಟು ಹೊತ್ತೂ ಕಲಕಿದರು. ಕಲಕುವಾಗ ಸ್ವಲ್ಪ ಸಡಿಲಾಯಿತು, ಬಿಟ್ಟ ಮೇಲೆ ಮತ್ತೆ ಮಂದವಾಯಿತು. ಒಂದೇ ಪುಡಿ, ಒಂದೇ ನೀರು, ಒಂದೇ ಮೇಜು. ಅಕ್ಕ ಕುಡಿದ ಲೋಟ ಮಾತ್ರ ತೆಳು. ಇವರು ಊಟ ಬಿಟ್ಟರು. ಅಕ್ಕನೂ ನೀರು ಕಡಿಮೆ ಮಾಡಿದರು, ತುಟಿ ಒಡೆದಿತ್ತು. ಡಾಕ್ಟರು ಮತ್ತೆ ನಳಿಗೆಯ ಮಾತು ಎತ್ತಿದರು.

ಕೊನೆಗೆ ಬಿಡಿಸಿದ್ದು ಯಾರು ಗೊತ್ತೇ? ನಮ್ಮಲ್ಲಿ ಯಾರೂ ಅಲ್ಲ. ಅಕ್ಕ. ಮೇಜಿನ ಮೇಲೆ ಎರಡು ಲೋಟ ಇಟ್ಟುಕೊಂಡು ತಲೆ ಮೇಲೆ ಕೈ ಹೊತ್ತು ಕೂತ ಗಂಡನಿಗೆ, ಒಂದೊಂದೇ ಮಾತು ಜೋಡಿಸಿ ಹೇಳಿದರಂತೆ. "ರೀ, ಹತ್ತಿದೋರೆಷ್ಟು ಇಳಿದೋರೆಷ್ಟು ನೋಡ್ರೀ. ಚಮಚ ನನ್ನ ಬಾಯಿಗೆ ಹೋಗುತ್ತೆ. ವಾಪಸ್ ಲೋಟಕ್ಕೆ ಬರುತ್ತೆ. ಬರೋವಾಗ ಬರಿಗೈಲಿ ಬರುತ್ತಾ? ನನ್ನ ಎಂಜಲು ತರುತ್ತೆ."

ಎಂಜಲು!

ಮರುದಿನ ಬೆಳಿಗ್ಗೆ ನಾನು ಒಳಗೆ ಬಂದಾಗ ಅವರು ಯಂತ್ರದ ಕೆಳಗಿಟ್ಟ ಮಂದದ ನೀರಿನ ಬೀಕರಿನ ಮೇಲೆ ಬಗ್ಗಿದ್ದರು. ನಮ್ಮಲ್ಲಿ ಒಂದು ಹನಿ ಕಾಫಿಯನ್ನೂ ಒಳಗೆ ತರುವ ಹಾಗಿಲ್ಲ, ಅಂಥ ಜಾಗ. ನನ್ನ ಹಿಂದೆಯೇ ಮುಖ್ಯಸ್ಥರು. "ಏನ್ರೀ ಮಾಡ್ತಿದ್ದೀರಿ?" ಇವರು ತಲೆಯೆತ್ತಿ, ಏನೂ ಅಳುಕಿಲ್ಲದೆ, "ಉಗೀತಿದ್ದೀನಿ ಸಾರ್" ಅಂದರು. ಮುಖ್ಯಸ್ಥರೇ, ಕ್ಷಮಿಸಿ, ಇದನ್ನು ಹೇಳದೆ ಬಿಡಲಾರೆ. ನಮ್ಮ ಮುಖ್ಯಸ್ಥರು ಬೈಯಲು ಬಾಯಿ ತೆರೆದವರು ಯಂತ್ರದ ಮುಳ್ಳು ನೋಡಿದರು. ಮುಳ್ಳು ಇಳಿಯುತ್ತಿತ್ತು. ನಮ್ಮ ಕಣ್ಣೆದುರಿಗೇ ಇಳಿಯುತ್ತಿತ್ತು. ಪಿಷ್ಟವನ್ನು ಬಾಯಲ್ಲೇ ಅರಗಿಸಲು ಶುರುಮಾಡುವುದು ಎಂಜಲಿನ ಕೆಲಸ. ಲೋಟದಲ್ಲೂ ಅದು ತನ್ನ ಕೆಲಸ ಮಾಡುತ್ತಿತ್ತು, ಪಾಪ. ಮುಖ್ಯಸ್ಥರು ಮುಳ್ಳಿನ ಹತ್ತಿರ ಬಗ್ಗಿ ಕೇಳಿದರು, "ಎಲ್ಲರ ಎಂಜಲಿಗೂ ಹೀಗೇ ಆಗುತ್ತಾ?" ಅಷ್ಟೇ ಸಾಕಾಯಿತು. ಅವತ್ತು ಪ್ರಯೋಗಾಲಯದ ಅಷ್ಟೂ ಜನ ಸಾಲಾಗಿ ನಿಂತು ಬೀಕರಿಗೆ ಉಗಿದಿದ್ದೇವೆ. ಮುಖ್ಯಸ್ಥರದೇ ಎಲ್ಲರಿಗಿಂತ ಚುರುಕು ಎಂದು ಮುಳ್ಳು ಹೇಳಿತು.

ಥೆರಪಿಸ್ಟ್ ಹುಡುಗಿಗೆ ಓಡಿ ಹೋಗಿ ಹೇಳಿದರೆ ಅವರು ಏನಂದರು? "ಹೌದು ಸಾರ್, ಅದು ನಮಗೆ ಗೊತ್ತಿರೋದೇ. ತಳದಲ್ಲಿ ಕೆಮ್ತಾರೆ ಅಂತ ಹೇಳಿದ್ದಿದ್ರೆ ಅವತ್ತೇ ಬೇರೆ ಪುಡಿ ಕೊಡ್ತಿದ್ದೆ." ಎಂಜಲಿಗೆ ಜಗ್ಗದ ಇನ್ನೊಂದು ಅಂಟಿನ ಪುಡಿ ಇದೆಯಂತೆ, ಅದನ್ನು ಕೊಟ್ಟರು. ಇವರು ನನ್ನ ಹತ್ತಿರ ಬಂದು, "ಕೇಳಿದ್ರೆ ಸಾಕಿತ್ತಂತೆ ಬೆಂಕಿಯಮ್ಮ" ಅಂದು ನಕ್ಕರು. "ಆದ್ರೆ ಕೇಳಿದ್ದಿದ್ರೆ ಇಷ್ಟು ಮಜಾ ಎಲ್ಲಿರ್ತಿತ್ತು?" ಅಕ್ಕ ಅದಕ್ಕೆ, "ಮಜಾ ನಿಮ್ಗೆ, ಕೆಮ್ಮು ನಂಗೆ" ಅಂದರು.

ಹೊಸ ಪುಡಿಯಿಂದ ಕೆಮ್ಮು ನಿಂತಿತು. ಮತ್ತೆ ಜ್ವರ ಬರಲಿಲ್ಲ. ನಳಿಗೆಯ ಮಾತು ನಿಂತಿತು. ಅಷ್ಟು ತಿಂಗಳೂ ಇವರು ಮನೆಯಲ್ಲಿ ತೆಳು ನೀರು ಮುಟ್ಟಲಿಲ್ಲ ಎಂಬುದು ನಿಮಗೆ ಗೊತ್ತಿರಲಿಕ್ಕಿಲ್ಲ. ಅಕ್ಕನಿಗೆ ಕಲಸಿದ್ದನ್ನೇ ತಮಗೂ ಕಲಸಿಕೊಂಡು, ಎದುರು ಕೂತು, ಚಮಚದಲ್ಲಿ ಕುಡಿಯುತ್ತಿದ್ದರು. ನಾನು ಕೇಳಿದ್ದಕ್ಕೆ, "ಅವ್ಳಿಗೆ ಹೇಗನ್ಸುತ್ತೆ ಅಂತ ನಂಗೂ ಗೊತ್ತಾಗ್ಬೇಕಲ್ಲ" ಎಂದರು. ಅದೂ ಕುತೂಹಲವೇ ಅಂತ ನನಗೆ ಮೊದಲು ಅನ್ನಿಸಿತ್ತು. ಪ್ರೀತಿ ಅದು. ಅವರಿಗೆ ಅವೆರಡೂ ಬೇರೆ ಬೇರೆ ಆಗಿರಲಿಲ್ಲ.

ಗಂಟಲು ಸುಧಾರಿಸುತ್ತ ಬಂತು. ಬರೀ ನೀರು ಕುಡಿಸಿ ನೋಡುವ ಪರೀಕ್ಷೆಗೆ ದಿನ ಗೊತ್ತಾಯಿತು. ಅದಕ್ಕೆ ಇನ್ನೂ ಕೆಲವು ದಿನ ಇರುವಾಗ, ಕೆಲಸಕ್ಕೆ ಹೊರಡಲು ಬೂಟಿನ ದಾರ ಕಟ್ಟುತ್ತ ಕುರ್ಚಿಯಲ್ಲಿ ಬಗ್ಗಿದ್ದವರು — ಮತ್ತೆ ಏಳಲಿಲ್ಲ. ಹೃದಯ.

ಇಂಥ ಸಮಯದಲ್ಲಿ ಪರೀಕ್ಷೆ ಮುಂದಕ್ಕೆ ಹಾಕೋಣ ಎಂದು ಎಲ್ಲರೂ ಹೇಳಿದರು. ಮಗಳೂ ಹೇಳಿದಳು. ಅಕ್ಕ ಕೇಳಲಿಲ್ಲ. ಮೊನ್ನೆ ನಾನೇ ಜೊತೆಗೆ ಹೋಗಿದ್ದೆ. ಮೊದಲು ಒಂದು ಚಮಚ ನೀರು. ಆಮೇಲೆ ಇನ್ನೊಂದು. ಆಮೇಲೆ ಲೋಟ ಕೈಗೆ ಕೊಟ್ಟರು. ಅಕ್ಕ ಗದ್ದ ತಗ್ಗಿಸಿ, ಹೇಳಿಕೊಟ್ಟ ಹಾಗೆ, ಸಣ್ಣ ಸಣ್ಣ ಗುಟುಕು ಕುಡಿದರು. ಕೆಮ್ಮು ಬರಲಿಲ್ಲ. ಒಂದು ಸಲವೂ ಬರಲಿಲ್ಲ.

ಹೊರಗೆ ಬಂದ ಮೇಲೆ ಅಕ್ಕ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಇದನ್ನ ಮೊದ್ಲು ಅವ್ರಿಗೆ ಹೇಳ್ಬೇಕಿತ್ತು ಕಣೇ. ಈಗ ಯಾರಿಗೆ ಹೇಳ್ಲಿ?" ಅಂದರು. ಈ ಎರಡು ದಿನ ಅದನ್ನೇ ಯೋಚಿಸಿದ್ದೇನೆ. ಅವರಿಗೆ ಹೇಳಲು ನಮ್ಮ ಕೈಯಲ್ಲಿ ಆಗುವುದಿಲ್ಲ. ನಾವೆಲ್ಲ ಇದ್ದೇವೆ, ನಾವು ನೋಡಬಹುದು. ಅವರು ಇದ್ದಿದ್ದರೆ ಹೇಗೆ ನೋಡುತ್ತಿದ್ದರೋ, ಹಾಗೆ ಕಣ್ಣು ಬಿಟ್ಟು ನೋಡಬಹುದು.

ಆದ್ದರಿಂದ ಒಂದು ವಿನಂತಿ. ಇಂಥ ಸಭೆಯಲ್ಲಿ ಕಣ್ಣು ಮುಚ್ಚಿ ಮೌನ ಆಚರಿಸುತ್ತಾರೆ, ನಿಮಿಷ ಎಣಿಸುತ್ತಾರೆ. ಇವತ್ತು ಅವೆರಡೂ ಬೇಡ. ಅಕ್ಕನ ಕೈಯಲ್ಲಿ ಈಗ ಒಂದು ಲೋಟ ನೀರಿದೆ. ಏನೂ ಬೆರೆಸಿಲ್ಲ, ಬರೀ ನೀರು. ಥೆರಪಿಸ್ಟ್ ಪಕ್ಕದಲ್ಲೇ ಬಂದು ಕೂತಿದ್ದಾರೆ, ಒಪ್ಪಿಗೆ ಕೊಟ್ಟಿದ್ದಾರೆ. ಅವರದು ಒಂದೇ ಷರತ್ತು. ಅಕ್ಕ ನುಂಗುವಾಗ ಯಾರೂ ಅವರನ್ನು ಮಾತಾಡಿಸಬಾರದು, ನಗಿಸಬಾರದು, ಅಳಿಸಲೂಬಾರದು. ಗಮನ ತಪ್ಪಿದರೆ ನೀರು ದಾರಿ ತಪ್ಪುತ್ತದೆ. ಹಾಗಾಗಿ ಈ ಮೌನ ಅವರಿಗೆ ನಿಜವಾಗಿಯೂ ಬೇಕು.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಕುರ್ಚಿ ಸದ್ದಾಗದ ಹಾಗೆ, ನಿಧಾನ. ಲೋಟ ಖಾಲಿಯಾಗುವವರೆಗೆ ನಿಲ್ಲೋಣ. ಎಷ್ಟು ಹೊತ್ತಾದರೂ ಸರಿ.

ಅಕ್ಕ — ಕುಡೀರಿ.